ಒಂಬತ್ತನೆಯ ತಿರುವಿನ ಟಿಪ್ಪಣಿಗಳು

ಏಪ್ರಿಲ್ 6. ಆಗುಂಬೆ ಘಾಟಿ, ಮಧ್ಯಾಹ್ನ 3.20.

ಸೋಮೇಶ್ವರದಿಂದ ಮೇಲಕ್ಕೆ 14 ಹೇರ್‌ಪಿನ್ ತಿರುವು. ಒಂಬತ್ತನೆಯದರಲ್ಲಿ, ಗಾಡಿ ಎರಡನೇ ಗೇರಿನಲ್ಲಿ ತೆವಳುತ್ತಿದ್ದಾಗ, ಸದಾ ಅರ್ಧದ ಗೆರೆಯಲ್ಲಿ ಮಲಗಿರುತ್ತಿದ್ದ ಬಿಸಿಯ ಮುಳ್ಳು ಎದ್ದಿತು. ಮುಕ್ಕಾಲಿಗೆ ಬಂತು, ಅಲ್ಲಿಂದ ಕೆಂಪು ಗೀಟಿನ ಕಡೆ ಹೊರಳಿತು. ಏಸಿ ಆರಿಸಿ, ತಿರುವಿನ ಹೊರಮಗ್ಗುಲಿನ ಅಗಲ ಜಾಗದಲ್ಲಿ ನಿಲ್ಲಿಸಿ, ಹಿಂಚಕ್ರಕ್ಕೆ ಕಲ್ಲು ಕೊಟ್ಟೆ. ಎಂಜಿನ್ ಆರಿಸಿದ ಮೇಲೆ ಬರೀ ಕೀಲಿ ತಿರುಗಿಸಿ ನೋಡಿದರೆ ಮುಳ್ಳು ಇಳಿಯುವ ಬದಲು ಇನ್ನೊಂದು ಎಳೆ ಮೇಲೇರಿತ್ತು. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಕಾದ ಲೋಹ ತನ್ನ ಬಿಸಿಯನ್ನು ನಿಂತ ನೀರಿಗೆ ಕೊಡುತ್ತಲೇ ಇರುತ್ತದೆ. ಒಲೆ ಆರಿದ ಮೇಲೂ ಬಚ್ಚಲ ಹಂಡೆ ಗುಳುಗುಳು ಎನ್ನುವುದಿಲ್ಲವೇ, ಹಾಗೆ.

ಬಾನೆಟ್ ಎತ್ತಿದೆ. ರೇಡಿಯೇಟರ್ ಮುಚ್ಚಳ ಮುಟ್ಟಲಿಲ್ಲ. ಅದರ ಮೇಲೆ 0.9 ಎಂದು ಅಚ್ಚೊತ್ತಿದೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ಅಷ್ಟು ಹೆಚ್ಚುವ ತನಕ ಅದು ಬಾಯಿ ಬಿಡುವುದಿಲ್ಲ. ಆ ಒತ್ತಡದಲ್ಲಿ ಬರೀ ನೀರು ಕೂಡ 118 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುವವರೆಗೆ ಕುದಿಯದು. ಪ್ರೆಷರ್ ಕುಕ್ಕರಿನ ಯುಕ್ತಿಯೇ. ಸೀಟಿ ಇಳಿಯದ ಕುಕ್ಕರ್ ತೆರೆದವರಿಗೆ ಏನಾಗುತ್ತದೋ ಬಿಸಿ ರೇಡಿಯೇಟರ್ ತೆರೆದವರಿಗೂ ಅದೇ ಆಗುತ್ತದೆ, ಮುಖ ಇನ್ನಷ್ಟು ಹತ್ತಿರವಿರುತ್ತದೆ ಅಷ್ಟೆ.

ಕಾಯಬೇಕಾದದ್ದು 40 ನಿಮಿಷ. ಕುಟ್ರುಹಕ್ಕಿಯೊಂದು ಬಿಡುವಿಲ್ಲದೆ ಕೂಗುತ್ತಿತ್ತು. ತಲೆಯ ಮೇಲಿನ ಮರದಲ್ಲಿ ಕೆಂಜಳಿಲೊಂದು ಎಲೆಸಹಿತ ಕಡ್ಡಿ ಕಚ್ಚಿ ತಂದು ಕವಲಿಗೆ ಸಿಕ್ಕಿಸುತ್ತಿತ್ತು. 40 ನಿಮಿಷಕ್ಕೆ 11 ಕಡ್ಡಿ. ಮುಳ್ಳು ಅರ್ಧಕ್ಕಿಳಿಯಿತು. ಏಸಿ ಇಲ್ಲದೆ, ನಿಧಾನಕ್ಕೆ ಮೇಲೆ ಸೇರಿದೆ.

ಏಪ್ರಿಲ್ 7. ತೀರ್ಥಹಳ್ಳಿ, ಮನೆ.

ಗಾಡಿ 2003ರದು, ನಾನು ಮೂರನೆಯ ಯಜಮಾನ. ಕೊಂಡು ಐದು ತಿಂಗಳು. ಸುದ್ದಿ ಕೇಳಿದವರೆಲ್ಲ ಮದ್ದು ಹೇಳಿದರು. ಥರ್ಮೋಸ್ಟ್ಯಾಟ್ ಕಿತ್ತು ಬಿಸಾಕಿ ಎಂದ ಒಬ್ಬ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಲೇಬೇಕು ಎಂದ ಇನ್ನೊಬ್ಬ. ಮೂರನೆಯವನು ಗಿರಾಕಿಯನ್ನೇ ಹುಡುಕಿಕೊಡುತ್ತೇನೆಂದ. ಗಾಡಿ ಯಾವಾಗ, ಎಲ್ಲಿ ಕಾಯಿತು ಎಂದು ಮಾತ್ರ ಯಾರೂ ಕೇಳಲಿಲ್ಲ.

ಹಕ್ಕಿ ನೋಡುವವರ ಬಳಿ ಹೋಗಿ ‘ಕಂದು ಬಣ್ಣದ ಹಕ್ಕಿ ಕಂಡೆ, ಯಾವುದು?’ ಎಂದರೆ ಅವರು ಮರುಪ್ರಶ್ನೆ ಹಾಕುತ್ತಾರೆ: ಗದ್ದೆಯಲ್ಲೋ ಕಾಡಿನಲ್ಲೋ, ನೆಲದ ಮೇಲೋ ಕೊಂಬೆಯ ಮೇಲೋ, ಎಷ್ಟು ಹೊತ್ತಿಗೆ? ಬಿಸಿಗೂ ಹಾಗೆಯೇ ನೆಲೆ ಇದೆ, ಹೊತ್ತಿದೆ. ನಿಂತಲ್ಲೇ ಕಾಯುವ ಗಾಡಿಯ ರೋಗ ಬಹುಪಾಲು ಫ್ಯಾನಿನ ಸುತ್ತಮುತ್ತ. ಓಡುವಾಗ, ಹತ್ತುವಾಗ ಕಾಯುವ ಗಾಡಿಯ ರೋಗ ನೀರಿನ ಹರಿವಿನಲ್ಲಿ ಅಥವಾ ರೇಡಿಯೇಟರಿನಲ್ಲಿ. ನೀರು ಕುಡಿಯುತ್ತ ಎಲ್ಲ ಕಡೆ ಕಾಯುವ ಗಾಡಿಯಲ್ಲಿ ಸೋರಿಕೆ ಇಲ್ಲವೇ ಗ್ಯಾಸ್ಕೆಟ್. ಇದು ಕಲ್ಲಿನ ಮೇಲೆ ಕೆತ್ತಿದ ನಿಯಮವಲ್ಲ. ಆದರೂ ಸ್ಪ್ಯಾನರ್ ಹಿಡಿಯುವ ಮುನ್ನ ಪೆನ್ಸಿಲ್ ಹಿಡಿಯಲು ಇಷ್ಟು ಸಾಕು.

ಏಪ್ರಿಲ್ 8ರಿಂದ 10. ಬೆಳಗ್ಗೆ 6ಕ್ಕೆ, ಎಂಜಿನ್ ತಣ್ಣಗಿದ್ದಾಗ.

ರೇಡಿಯೇಟರಿನ ಪಕ್ಕದ ಪ್ಲಾಸ್ಟಿಕ್ ಡಬ್ಬಿಯ ನೀರಿನ ಮಟ್ಟಕ್ಕೆ ಗೆರೆ ಎಳೆದಿದ್ದೇನೆ. ಸಂಜೆ ಪೇಟೆಯಿಂದ ಬಂದಾಗ ನೀರು ಗೆರೆಯ ಮೇಲೆ ಎರಡು ಬೆರಳು. ಬೆಳಗಾಗುವಷ್ಟರಲ್ಲಿ ಮತ್ತೆ ಗೆರೆಗೆ. ಕಾದ ನೀರು ಹಿಗ್ಗಿ ಮುಚ್ಚಳದ ಕವಾಟ ತಳ್ಳಿಕೊಂಡು ಡಬ್ಬಿಗೆ ಬರುತ್ತದೆ, ತಣಿದಾಗ ಒಳಗೆ ನಿರ್ವಾತವಾಗಿ ಇನ್ನೊಂದು ಪುಟ್ಟ ಕವಾಟ ತೆರೆದು ಅದೇ ನೀರನ್ನು ಒಳಕ್ಕೆ ಎಳೆಯುತ್ತದೆ. ಕಡಲಿನ ಉಬ್ಬರವಿಳಿತದ ಹಾಗೆ, ಆದರೆ ದಿನಕ್ಕೊಂದೇ ಆವರ್ತ. ಮೂರು ದಿನವೂ ತಪ್ಪಲಿಲ್ಲ. ಹಾಗಾದರೆ ಮುಚ್ಚಳ ಆರೋಗ್ಯವಾಗಿದೆ, ನೀರು ಸೋರುತ್ತಿಲ್ಲ.

ಆಯಿಲ್ ಕಡ್ಡಿ ಎಳೆದು ನೋಡಿದೆ. ಎಣ್ಣೆಗೆ ನೀರು ಸೇರಿದ್ದರೆ ಹಾಲು ಹೆಚ್ಚಾದ ಕಾಫಿಯ ಬಣ್ಣ ಬರಬೇಕಿತ್ತು, ಬರೀ ಕಪ್ಪು. ರೇಡಿಯೇಟರ್ ಮುಚ್ಚಳ ತೆಗೆದು ತಣ್ಣನೆಯ ಎಂಜಿನ್ ಚಾಲೂ ಮಾಡಿ ಕತ್ತಿನೊಳಗೆ ಇಣುಕಿದೆ. ಗುಳ್ಳೆಗಳ ಸಾಲು ಇಲ್ಲ. ಹೊಗೆಯಲ್ಲಿ ಬಿಳುಪಿಲ್ಲ, ಸಿಹಿ ವಾಸನೆಯಿಲ್ಲ. ಗ್ಯಾಸ್ಕೆಟ್ ಉಳಿದಿದೆ. ಆದರೆ ಮುಳ್ಳು ಕೆಂಪಿಗೆ ಹೋಗುತ್ತಲೇ ಇದ್ದರೆ ಉಳಿಯುವುದಿಲ್ಲ. ಈ ಎಂಜಿನ್ನಿನ ತಲೆ ಅಲ್ಯೂಮಿನಿಯಂ, ಒಡಲು ಬೀಡುಕಬ್ಬಿಣ. ಅದೇ ಬಿಸಿಗೆ ಅಲ್ಯೂಮಿನಿಯಂ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಮಿತಿಮೀರಿ ಕಾದರೆ ತಲೆ ಸೊಟ್ಟಗಾಗುತ್ತದೆ, ನಡುವಿನ ಗ್ಯಾಸ್ಕೆಟ್ ಹರಿಯುತ್ತದೆ. ಬೇರೆ ರೋಗದ ಕೊನೆಯ ಲಕ್ಷಣವನ್ನೇ ಜನ ಮೂಲರೋಗವೆಂದು ತಿಳಿಯುವುದು ಇಲ್ಲಿಯೇ.

ಏಪ್ರಿಲ್ 11. ಅಂಗಳದಲ್ಲಿ, ನಿಂತಲ್ಲೇ ಓಡಿಸಿ.

ಮೇಲಿನ ರಬ್ಬರ್ ಪೈಪಿನ ಮೇಲೆ ಕೈಯಿಟ್ಟು ಕೂತೆ. ಹನ್ನೊಂದು ನಿಮಿಷ ಬರೀ ಬೆಚ್ಚಗೆ. ಆಮೇಲೆ ಒಮ್ಮೆಲೇ ಕೈ ಹಿಂತೆಗೆಯುವಷ್ಟು ಬಿಸಿ. ಥರ್ಮೋಸ್ಟ್ಯಾಟ್ ಬಾಗಿಲು ತೆರೆದ ಗಳಿಗೆ ಅದು. ಇನ್ನಷ್ಟು ಹೊತ್ತಿಗೆ ಫ್ಯಾನ್ ತಾನಾಗಿ ಹತ್ತಿತು, ಎರಡು ನಿಮಿಷ ತಿರುಗಿ ಆರಿತು, ಮತ್ತೆ ಹತ್ತಿತು. ಅರ್ಧ ಗಂಟೆಯಲ್ಲಿ ನಾಲ್ಕು ಸಲ. ಮುಳ್ಳು ಅರ್ಧ ದಾಟಲಿಲ್ಲ. ಫ್ಯಾನು, ಅದರ ರಿಲೇ, ಸ್ವಿಚ್ಚು ಮೂರಕ್ಕೂ ಅಡ್ಡಗೀಟು.

ಆದರೂ ಥರ್ಮೋಸ್ಟ್ಯಾಟ್ ಪೂರ್ತಿ ತೆರೆಯುತ್ತದೋ ಅರೆಬರೆಯೋ? ಬಿಚ್ಚಿ, ಅಡುಗೆಗೆ ಮತ್ತೆ ಬಳಸದ ಹಳೆಯ ಪಾತ್ರೆಯಲ್ಲಿ ಕಾಯಲಿಟ್ಟ ನೀರಿಗೆ ದಾರ ಕಟ್ಟಿ ಇಳಿಬಿಟ್ಟೆ, ಪಕ್ಕಕ್ಕೆ ಉಷ್ಣಮಾಪಕ. ಥರ್ಮೋಸ್ಟ್ಯಾಟಿನ ಹೊಟ್ಟೆಯಲ್ಲಿರುವುದು ಮೇಣ. ಮೇಣ ಕರಗಿ ಹಿಗ್ಗಿದಾಗ ಕಡ್ಡಿಯೊಂದನ್ನು ತಳ್ಳಿ ಬಾಗಿಲು ತೆರೆಯುತ್ತದೆ, ವಿದ್ಯುತ್ತಿಲ್ಲ, ತಂತಿಯಿಲ್ಲ. ಮೈಮೇಲೆ 82 ಎಂದಿತ್ತು. 83ಕ್ಕೆ ತುಟಿ ಬಿರಿಯಿತು, 95 ಆಗುವಷ್ಟರಲ್ಲಿ ಪೂರ್ತಿ ಬಾಯಿ ತೆರೆದಿತ್ತು. 98ಕ್ಕೆ ನೀರೇ ಕುದಿಯಿತು. ತೀರ್ಥಹಳ್ಳಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ. ಥರ್ಮೋಸ್ಟ್ಯಾಟನ್ನು ಕಿತ್ತು ಬಿಸಾಕಿದ್ದರೆ ತಂಪು ಹೊತ್ತಿನಲ್ಲಿ ಎಂಜಿನ್ ಹದಕ್ಕೆ ಬರದೆ ಪೆಟ್ರೋಲ್ ಕುಡಿಯುತ್ತಿತ್ತು. ಘಾಟಿಯ ರೋಗ ಇದ್ದಲ್ಲೇ ಇರುತ್ತಿತ್ತು.

ಏಪ್ರಿಲ್ 13. ಒಂದೇ ದಿನ ಘಾಟಿಗೆ ಎರಡು ಸಲ.

ಬೆಳಗ್ಗೆ 6.40ರ ಹತ್ತುವಿಕೆ: ಗಾಳಿ 24 ಡಿಗ್ರಿ. ಏಸಿ ಇಲ್ಲ. ಮುಳ್ಳು ಅರ್ಧದಲ್ಲೇ. ಉದುರಿದ ಎಲೆಗಳು ನನ್ನೆದುರಿನಿಂದ ಕೆಳಕ್ಕೆ ತೇಲುತ್ತಿದ್ದವು.

ಮಧ್ಯಾಹ್ನ 3.10ರ ಹತ್ತುವಿಕೆ: ಗಾಳಿ 33 ಡಿಗ್ರಿ. ಆಗಲೂ ಏಸಿ ಇಲ್ಲ. ಏಳನೆಯ ತಿರುವಿನಿಂದ ಮುಳ್ಳು ಏರತೊಡಗಿತು. ಒಂದು ತರಗೆಲೆ ಕಿಟಕಿಯ ಪಕ್ಕದಲ್ಲಿ, ನನ್ನ ವೇಗದಲ್ಲೇ, ನನ್ನ ಜೊತೆಯಲ್ಲೇ ಮೇಲಕ್ಕೆ ಹೋಗುತ್ತಿತ್ತು. ಅದನ್ನು ನೋಡುತ್ತಲೇ ಅರ್ಧ ಲೆಕ್ಕ ಬಗೆಹರಿಯಿತು. ಹಗಲು ಕಡಲಗಾಳಿ ಪಡುವಲಿನಿಂದ ಘಾಟಿ ಹತ್ತುತ್ತದೆ. ನಾನೂ ಹತ್ತುತ್ತಿದ್ದೇನೆ, ಗಂಟೆಗೆ 20 ಕಿಲೋಮೀಟರ್. ಹಿಂಗಾಳಿಯೂ ಅಷ್ಟೇ ವೇಗದ್ದಾದರೆ ಗಾಡಿಯ ಮೂಗಿಗೆ ಗಾಳಿಯೇ ತಾಗುವುದಿಲ್ಲ, ಬರೀ ಫ್ಯಾನಿನ ಮೇಲೆ ಭಾರ. ಪೆಟ್ರೋಲಿನ ಶಾಖದಲ್ಲಿ ಚಕ್ರಕ್ಕೆ ಹೋಗುವುದು ಸ್ಥೂಲವಾಗಿ ಮೂರನೇ ಒಂದು ಪಾಲು, ಹೊಗೆಗೊಳವೆಗೆ ಇನ್ನೊಂದು, ಉಳಿದದ್ದು ನೀರಿಗೆ. ಏರಿನಲ್ಲಿ ಕಾಲು ಒತ್ತಿದಷ್ಟೂ ಆ ಮೂರನೆಯ ಪಾಲೂ ಬೆಳೆಯುತ್ತದೆ. ಅಂಗಳದಲ್ಲಿ ಗೆದ್ದ ಫ್ಯಾನ್ ಇಲ್ಲಿ ಸೋಲುತ್ತದೆ.

ಮುಳ್ಳು ಮುಕ್ಕಾಲು ಮುಟ್ಟಿದಾಗ ಒಳಗಿನ ಹೀಟರ್ ಪೂರ್ತಿ ತಿರುಗಿಸಿದೆ. ಅದೂ ಒಂದು ಪುಟ್ಟ ರೇಡಿಯೇಟರೇ, ಎಂಜಿನ್ನಿನ ಬಿಸಿನೀರೇ ಅದರಲ್ಲಿ ಹರಿಯುವುದು. ಏಪ್ರಿಲ್ ಮಧ್ಯಾಹ್ನ ನಾನು ಬೆವರಿನಲ್ಲಿ ತೊಯ್ದೆ, ಮುಳ್ಳು ಒಂದು ಗೆರೆ ಇಳಿಯಿತು. ಒಂಬತ್ತನೆಯ ತಿರುವಿನಲ್ಲಿ ಮತ್ತೆ ನಿಂತೆ. ಕೆಂಜಳಿಲಿನ ಗೂಡು ಫುಟ್‌ಬಾಲಿನಷ್ಟಾಗಿದೆ.

ಹಿಂಗಾಳಿ ಅರ್ಧ ಉತ್ತರ ಮಾತ್ರ. ಅದೇ ಗಾಳಿಯಲ್ಲಿ ಇದಕ್ಕಿಂತ ಹಳೆಯ ಗಾಡಿಗಳು ನನ್ನನ್ನು ದಾಟಿಕೊಂಡು ಹೋದವು.

ಏಪ್ರಿಲ್ 15. ಅಂಗಳ.

ಎಂಜಿನ್ ಬಿಸಿಯಾಗಿದ್ದಾಗ ಮಗಳಿಗೆ ಆಕ್ಸಿಲರೇಟರ್ ಒತ್ತಲು ಹೇಳಿ ಕೆಳಗಿನ ಪೈಪ್ ನೋಡುತ್ತ ಕುಕ್ಕರುಗಾಲಿನಲ್ಲಿ ಕೂತೆ. 3000 ಸುತ್ತಿಗೆ ಬಂದಾಗ ಪೈಪು ಕೆನ್ನೆ ಒಳಗೆಳೆದುಕೊಂಡಿತು. ಕಾಲು ತೆಗೆದರೆ ಮತ್ತೆ ತುಂಬಿಕೊಂಡಿತು. ಮೂರು ಸಲ ನೋಡಿದೆ. ಪೈಪು ಹೊಸತು, ಗಟ್ಟಿ. ಅಂದರೆ ಪಂಪು ನೀರು ಎಳೆಯುತ್ತಿದೆ, ಎಳೆದಷ್ಟನ್ನು ರೇಡಿಯೇಟರ್ ಕೊಡುತ್ತಿಲ್ಲ. ತೆಂಗಿನ ಗಂಜಿ ಸಿಕ್ಕಿದ ಸ್ಟ್ರಾದಲ್ಲಿ ಎಳನೀರು ಹೀರಿದವರಿಗೆ ಇದು ಗೊತ್ತು.

ಎಂಜಿನ್ ಆರಿಸಿ, ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡೆ. ವಿದ್ಯುತ್ ಫ್ಯಾನ್ ಹೇಳಿಕೇಳಿ ತಿರುಗುವುದಿಲ್ಲ. ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಮಾಪಕ ಹೊಳೆಯುವ ಲೋಹದ ಮುಂದೆ ಸುಳ್ಳು ಹೇಳುತ್ತದೆ, ಅದಕ್ಕೆ ರೇಡಿಯೇಟರಿನ ಹಿಂಬದಿಗೆ ಕೈಯೆಟುಕಿದಲ್ಲೆಲ್ಲ ಕಪ್ಪು ಟೇಪಿನ ಚೂರು ಅಂಟಿಸಿದ್ದೆ. ಎಡಗಡೆ ಮೇಲಿನಿಂದ ಕೆಳಕ್ಕೆ 86, 79, 71. ಬಲಗಡೆ 84, 60, 46. ಮೇಲಿನಿಂದ ಕೆಳಕ್ಕೆ ನೀರು ಹರಿಯುವ ಜಾತಿಯ ರೇಡಿಯೇಟರ್ ಇದು, ಇಳಿಯುತ್ತ ತಣಿಯಬೇಕಾದದ್ದೇ. ಆದರೆ ಬಲಗಡೆ ಬಿಸಿನೀರು ಇಳಿಯುತ್ತಲೇ ಇಲ್ಲ. ಮೂರನೇ ಒಂದು ಭಾಗ ಬತ್ತಿದ ಕಾಲುವೆ.

ಏಪ್ರಿಲ್ 18. ಮೆಕ್ಯಾನಿಕ್ಕನ ಶೆಡ್ಡು.

ಟಿಪ್ಪಣಿ ಓದಿ ಹೇಳಿದೆ. ಆತ ನಕ್ಕು, ‘ಡಾಕ್ಟ್ರ ಹತ್ರ ರೋಗಿನೇ ರಿಪೋರ್ಟ್ ತಂದಂಗಾಯ್ತು’ ಎಂದು ರೇಡಿಯೇಟರ್ ಇಳಿಸಿದ. ಏಸಿಯ ಕಂಡೆನ್ಸರಿಗೂ ಅದಕ್ಕೂ ನಡುವಿನ ಎರಡು ಬೆರಳಿನ ಸಂದಿನಲ್ಲಿ ಕಂಬಳಿಯ ಹಾಗೆ ಒಂದು ಪದರ. ಹೊರಗಿನಿಂದ ಟಾರ್ಚು ಬಿಟ್ಟರೂ ಕಾಣದ ಜಾಗ. ಕಾಗದದ ಮೇಲೆ ಬಿಡಿಸಿದೆ: ಈಸಲುಹುಳುಗಳ ರೆಕ್ಕೆ ಲೆಕ್ಕವಿಲ್ಲದಷ್ಟು, ಬೂರುಗದ ಅರಳೆ, ಹುಲ್ಲಿನ ಮುಳ್ಳುಬೀಜ, ಎರಡು ಜೇನು, ದುಂಬಿಯ ಹಸಿರು ಬೆನ್ನುಚಿಪ್ಪು, ಪತಂಗದ ರೆಕ್ಕೆಯ ಪುಡಿ. ಎಷ್ಟೋ ಮುಂಗಾರುಪೂರ್ವ ಮಳೆಯ ಸಂಜೆಗಳು ಇಲ್ಲಿ ಒತ್ತಿಟ್ಟ ಎಲೆಗಳಂತೆ ಕೂತಿವೆ.

ಒಳಗಿನದು ಬೇರೆ ಕತೆ. ಅಲ್ಯೂಮಿನಿಯಂ ಕೊಳವೆಗಳಿಗೆ ಪ್ಲಾಸ್ಟಿಕ್ ತೊಟ್ಟಿ ಮಡಚಿ ಕೂರಿಸಿದ ರೇಡಿಯೇಟರ್. ಹಳೆಯ ಹಿತ್ತಾಳೆ ರೇಡಿಯೇಟರಿನಂತೆ ಬೆಸುಗೆ ಬಿಚ್ಚಿ ಕಡ್ಡಿಯಾಡಿಸಿ ತೊಳೆಯುವಂಥದ್ದಲ್ಲ. ಬದಲಿಸುವುದೇ ದಾರಿ. ಹೇಗೂ ಬಿಸಾಕುವುದೆಂದು ಹಳೆಯದನ್ನು ಗರಗಸದಿಂದ ಕುಯ್ಯಿಸಿದೆ. ಬಲಗಡೆಯ ಕೊಳವೆಗಳ ಬಾಯಲ್ಲಿ ಹಂಡೆಯ ತಳದಲ್ಲಿ ಕಟ್ಟುವಂಥದೇ ಬೂದುಬಿಳಿ ಹಕ್ಕಳೆ. ಒಂದು ಚೂರು ಅಂಗೈಗೆ ತೆಗೆದುಕೊಂಡು, ಪಕ್ಕದ ಹೋಟೆಲಿನಿಂದ ನಿಂಬೆಹೋಳು ತರಿಸಿ ಹಿಂಡಿದೆ. ಸಣ್ಣಗೆ ನೊರೆಗಟ್ಟಿತು. ಸುಣ್ಣದ ಕಲ್ಲು.

ಮಲೆನಾಡಿನ ನೀರಿನಲ್ಲಿ ಇಷ್ಟು ಸುಣ್ಣ ಎಲ್ಲಿಂದ? ನಂಬರ್ ಪ್ಲೇಟ್ ನೋಡಿದೆ. ಕೆಎ 07. ಐದು ತಿಂಗಳಿನಿಂದ ದಿನಾ ನೋಡುತ್ತಿದ್ದದ್ದನ್ನು ಹಕ್ಕಿಯ ಕಾಲುಂಗುರ ಓದಿದಂತೆ ಅವತ್ತು ಓದಿದೆ: ಕೋಲಾರ. ವರ್ಷಪೂರ್ತಿ ಹರಿಯುವ ಹೊಳೆಯಿಲ್ಲದ, ಸಾವಿರ ಅಡಿಗೂ ಆಳಕ್ಕೆ ಬೋರು ಕೊರೆಸುವ ಸೀಮೆ. ಬಂಡೆಯ ಬಿರುಕುಗಳಲ್ಲಿ ನಿಂತ ನೀರು ಅದರೊಳಗಿನ ಸುಣ್ಣದಂಶವನ್ನು ಕರಗಿಸಿಕೊಂಡಿರುತ್ತದೆ. ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಣ್ಣ ಗಟ್ಟಿಯಾಗಿ ಕೂರುತ್ತದೆ. ಕೂಲೆಂಟಿನ ಬದಲು ಯಾರೋ ವರ್ಷಗಟ್ಟಲೆ ಬೋರಿನ ನೀರು ತುಂಬಿದ್ದಾರೆ. ಪ್ರತಿ ತಂಬಿಗೆಯೂ ಒಂದೊಂದು ಚಿಟಿಕೆ ಕಲ್ಲು ಬಿಟ್ಟುಹೋಗಿದೆ. ಸುಣ್ಣ ಶಾಖ ಸಾಗಿಸುವುದು ಅಲ್ಯೂಮಿನಿಯಂ ಸಾಗಿಸುವುದರ ನೂರರಲ್ಲೊಂದು ಪಾಲಿನ ಆಸುಪಾಸು. ಬಯಲುಸೀಮೆಯ ಸಮತಟ್ಟು ರಸ್ತೆಯಲ್ಲಿ ಉಳಿದ ಕೊಳವೆಗಳೇ ಸಾಕಾಗಿದ್ದವು. ಗುಟ್ಟು ಹೊರಬೀಳಲು ಗಾಡಿಗೆ ಒಂದು ಘಾಟಿ, ಒಂದು ಹಿಂಗಾಳಿ ಬೇಕಿತ್ತು.

ಹೊಸ ರೇಡಿಯೇಟರ್ ಕೂತಿತು. ಎಂಜಿನ್ನಿನ ಒಡಲನ್ನು ನೀರು ತಿಳಿಯಾಗುವವರೆಗೆ ತೊಳೆದದ್ದಾಯಿತು. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಒಳಗೆ ಗಾಳಿ ಸಿಕ್ಕಿಕೊಳ್ಳದಂತೆ ಮುಚ್ಚಳ ತೆರೆದಿಟ್ಟು, ಹೀಟರ್ ಹಾಕಿ, ಗುಳ್ಳೆ ನಿಲ್ಲುವವರೆಗೆ ಓಡಿಸಿದೆವು. ಸುಣ್ಣದ ಚೂರು ಈಗ ಗರಿ, ಬೀಜ, ಹಾವಿನ ಪೊರೆಗಳಿರುವ ನನ್ನ ಡಬ್ಬಿಯಲ್ಲಿದೆ. ಚೀಟಿಯ ಮೇಲೆ ಬರೆದಿದ್ದೇನೆ: ದೊರೆತ ಜಾಗ ತೀರ್ಥಹಳ್ಳಿ, ಮೂಲ ಕೋಲಾರ.

ಏಪ್ರಿಲ್ 27. ಆಗುಂಬೆ ಘಾಟಿ, ಮಧ್ಯಾಹ್ನ 3.15.

ಗಾಳಿ 34 ಡಿಗ್ರಿ. ಹಿಂಗಾಳಿ, ತರಗೆಲೆಗಳು ಜೊತೆಗೇ ಹತ್ತುತ್ತಿವೆ. ಏಸಿ ಹಾಕಿದೆ. ಏಳನೆಯ ತಿರುವು: ಅರ್ಧ. ಒಂಬತ್ತು: ಅರ್ಧಕ್ಕಿಂತ ಒಂದೆಳೆ ಮೇಲೆ. ಹದಿನಾಲ್ಕು: ಮತ್ತೆ ಅರ್ಧ. ಫ್ಯಾನ್ ಎರಡು ಸಲ ಹತ್ತಿದ್ದು ಕೇಳಿಸಿತು.

ಕೆಂಜಳಿಲಿನ ಗೂಡು: ನೋಡಲಿಲ್ಲ. ಗಾಡಿ ನಿಲ್ಲಲಿಲ್ಲ.