ಕಾಂಪೌಂಡ್ ಗೋಡೆಯ ಮೇಲೆ ಆಫ್ರಿಕಾದ ಶಂಖದ ಹುಳು

ಮಳೆಗಾಲದ ರಾತ್ರಿ ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಕೈತೋಟಗಳಲ್ಲಿ ಹರಿದಾಡುವ ದಪ್ಪ ಶಂಖದ ಹುಳು ಈ ನೆಲದ ಜೀವಿಯಲ್ಲ. ದೈತ್ಯ ಆಫ್ರಿಕನ್ ಬಸವನ ಹುಳು ಎಂದು ಕರೆಯಲಾಗುವ ಇದರ ತವರು ಪೂರ್ವ ಆಫ್ರಿಕಾ. ಪೂರ್ತಿ ಬೆಳೆದರೆ ಚಿಪ್ಪು 20 ಸೆಂಟಿಮೀಟರ್‌ವರೆಗೂ ಉದ್ದವಾಗಬಲ್ಲದು. ಸ್ಥಳೀಯ ಬಸವನ ಹುಳುಗಳ ಚಿಪ್ಪು ಹೆಚ್ಚಾಗಿ ಚಿಕ್ಕದು, ಚಪ್ಪಟೆ ದುಂಡಗಿನದು; ಇದರದು ಕಂದು ಪಟ್ಟೆಗಳಿರುವ, ತುದಿ ಚೂಪಾದ ಶಂಖ. ಈ ವ್ಯತ್ಯಾಸ ತಿಳಿಯದೆ ನಿರುಪದ್ರವಿ ಸ್ಥಳೀಯ ಹುಳುಗಳನ್ನೂ ಕೊಲ್ಲುವುದುಂಟು.

ಭಾರತಕ್ಕೆ ಇದನ್ನು ತಂದದ್ದು ಮನುಷ್ಯರೇ. ಚಿಪ್ಪುಜೀವಿಗಳ ಅಧ್ಯಯನದಲ್ಲಿ ಆಸಕ್ತಿಯಿದ್ದ ವಿಲಿಯಂ ಬೆನ್ಸನ್ 1847ರಲ್ಲಿ ಮಾರಿಷಸ್‌ನಿಂದ ಜೀವಂತ ಹುಳುಗಳನ್ನು ಕಲ್ಕತ್ತೆಗೆ ತಂದರು. ಅವು ಅಲ್ಲಿನ ಚೌರಂಗಿಯ ತೋಟವೊಂದನ್ನು ಸೇರಿದವು. ವಿದ್ವತ್ತಿನ ಕುತೂಹಲ ರೈತರಿಗೆ ಇಷ್ಟು ದುಬಾರಿಯಾದ ಉದಾಹರಣೆಗಳು ಕಡಿಮೆ. ನಿಧಾನಕ್ಕೆ ಹೆಸರಾದ ಈ ಜೀವಿ ದೂರ ಹೋಗುವುದು ಮನುಷ್ಯರ ಸರಕಿನ ಜೊತೆಗೆ: ನರ್ಸರಿ ಗಿಡದ ಕುಂಡ, ಕೆಮ್ಮಣ್ಣಿನ ಲೋಡು, ಗೊಬ್ಬರದ ಚೀಲ. ಕೊಡಗಿನ ಕಾಫಿ ತೋಟಗಳಲ್ಲೂ ಇದರ ಕಾಟವಿದೆ.

ಒಂದೇ ಹುಳುವಿನಲ್ಲಿ ಗಂಡು, ಹೆಣ್ಣು ಎರಡೂ ಅಂಗಗಳಿರುತ್ತವೆ. ಕೂಡಿದ ಮೇಲೆ ಎರಡೂ ಹುಳುಗಳು ಮೊಟ್ಟೆಯಿಡಬಲ್ಲವು. ಒಂದು ಸಲಕ್ಕೆ ನೂರಾರು ಮೊಟ್ಟೆ, ವರ್ಷಕ್ಕೆ ಹಲವು ಸಲ. ಪಡೆದ ವೀರ್ಯವನ್ನು ತಿಂಗಳುಗಟ್ಟಲೆ ಕಾಪಿಟ್ಟುಕೊಳ್ಳುವುದರಿಂದ ಒಂಟಿ ಹುಳುವೊಂದು ಬಂದರೂ ಸಂತಾನ ಶುರುವಾಗಬಹುದು. ಬೇಸಿಗೆಯಲ್ಲಿ ಚಿಪ್ಪಿನ ಬಾಯಿಗೆ ತೆಳುವಾದ ಪೊರೆ ಕಟ್ಟಿಕೊಂಡು ಮಣ್ಣಿನಡಿ ಮಲಗುತ್ತದೆ. ಮೊದಲ ಮಳೆಗೆ ಏಳುತ್ತದೆ. ಹುಳುಗಳು ಇದ್ದಕ್ಕಿದ್ದಂತೆ ಉದುರಿದವೇನೋ ಎನಿಸುವುದು ಇದರಿಂದಲೇ.

ಪಪ್ಪಾಯಿ, ಬಾಳೆ, ಸೊಪ್ಪು, ಚೆಂಡುಹೂವು ಎಲ್ಲವೂ ಇದಕ್ಕೆ ಆಹಾರವೇ. ಚಿಪ್ಪು ಬೆಳೆಯಲು ಕ್ಯಾಲ್ಸಿಯಂ ಬೇಕಾದ್ದರಿಂದ ಕಾಂಪೌಂಡ್ ಗೋಡೆಯ ಸುಣ್ಣ, ಗಾರೆಯನ್ನೂ ಕೆರೆದು ತಿನ್ನುತ್ತದೆ. ಇಲಿಗಳ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಜಂತುವಿನ ಮರಿಗಳು ಇದರ ದೇಹದಲ್ಲಿರಬಹುದು. ಅವು ಮನುಷ್ಯರ ಹೊಟ್ಟೆ ಸೇರಿದರೆ ಮೆದುಳುಪೊರೆಯ ಉರಿಯೂತ ಬರಬಹುದು. ಹಾಗಾಗಿ ಬರಿಗೈಯಲ್ಲಿ ಮುಟ್ಟಬಾರದು, ಕೈತೋಟದ ಸೊಪ್ಪನ್ನು ಚೆನ್ನಾಗಿ ತೊಳೆಯದೆ ಹಸಿಯಾಗಿ ತಿನ್ನಬಾರದು.

ಕೆಂಬೂತ ಇದನ್ನು ಕುಕ್ಕಿ ತಿನ್ನುತ್ತದೆ, ಆದರೆ ಈ ಸಂತತಿಗೆ ಅದೊಂದೇ ಸಾಲದು. ಹೊರಗಿನ ವೈರಿಯನ್ನು ತಂದು ಬಿಡುವ ಪ್ರಯೋಗವನ್ನು ಹವಾಯಿ 1955ರಲ್ಲಿ ಮಾಡಿತು. ಅಲ್ಲಿ ಬಿಟ್ಟ ಮಾಂಸಾಹಾರಿ ಬಸವನ ಹುಳು ದೈತ್ಯನನ್ನು ಬಿಟ್ಟು ದ್ವೀಪದ್ದೇ ಆದ ಅಪರೂಪದ ಹುಳುಗಳನ್ನು ತಿಂದುಹಾಕಿತು. ಮೆಟಾಲ್ಡಿಹೈಡ್ ವಿಷದ ಗುಳಿಗೆ ಪರಿಣಾಮಕಾರಿ, ಆದರೆ ಬೀದಿನಾಯಿ, ಸಾಕುನಾಯಿಗಳ ಜೀವಕ್ಕೂ ಅಪಾಯ. ಊರೊಳಗೆ ಹೊಂದುವುದು ಹಳೆಯ ಉಪಾಯವೇ: ಸಂಜೆ ಒದ್ದೆ ಗೋಣಿಚೀಲದಡಿ ಪಪ್ಪಾಯಿ ಅಥವಾ ಎಲೆಕೋಸಿನ ಎಲೆ ಹರಡಿ, ಬೆಳಗ್ಗೆ ಕೈಗವಸು ತೊಟ್ಟು ಅಲ್ಲಿ ಸೇರಿದ ಹುಳುಗಳನ್ನು ಆರಿಸಿ ಗಾಢ ಉಪ್ಪುನೀರಿಗೆ ಹಾಕುವುದು. ಒಂದು ಮನೆಯವರು ಮಾಡಿ ಪಕ್ಕದವರು ಬಿಟ್ಟರೆ, ವಾರದೊಳಗೆ ಮತ್ತೆ ಗೋಡೆ ಹತ್ತಿ ಬರುತ್ತವೆ.