ಹತ್ತು ಸಾಲಿನ ಪೈಥಾನ್, ನೂರು ತಾಣಗಳ ಸುದ್ದಿ

ಪಾಡ್‌ಕಾಸ್ಟ್ ಕೇಳುವವರ ಮೊಬೈಲಿಗೆ ಹೊಸ ಕಂತು ತಾನಾಗಿಯೇ ಬಂದು ಸೇರುತ್ತದೆ. ಕಾರ್ಯಕ್ರಮ ಮಾಡಿದವರಿಗೆ ಕೇಳುಗರ ಹೆಸರಾಗಲಿ ಇಮೇಲ್ ಆಗಲಿ ಗೊತ್ತಿರಬೇಕಾಗಿಲ್ಲ. ಅವರು ತಮ್ಮ ಸರ್ವರ್‌ನಲ್ಲಿರುವ ಒಂದು ಪಠ್ಯ ಕಡತಕ್ಕೆ ಕೆಲವು ಸಾಲು ಸೇರಿಸುತ್ತಾರೆ, ಅಷ್ಟೇ. ಪಾಡ್‌ಕಾಸ್ಟ್ ಆ್ಯಪ್ ಆಗಾಗ ಆ ಕಡತವನ್ನು ಓದಿ, ಹೊಸತೇನಾದರೂ ಇದ್ದರೆ ಇಳಿಸಿಕೊಳ್ಳುತ್ತದೆ. ಆ ಕಡತದ ಹೆಸರು ಫೀಡ್. ಅದನ್ನು ಓದುವ ಕೆಲಸಕ್ಕೆ ದೊಡ್ಡ ಕಂಪನಿಯ ಆ್ಯಪ್ ಬೇಕೇ ಬೇಕೆಂದಿಲ್ಲ. ಪೈಥಾನ್, ರೂಬಿ, ಪಿಎಚ್‌ಪಿಯಂಥ ಸ್ಕ್ರಿಪ್ಟಿಂಗ್ ಭಾಷೆಗಳಲ್ಲಿ ಒಂದನ್ನು ಅಲ್ಪಸ್ವಲ್ಪ ಬಲ್ಲವರು ತಮಗೆ ಬೇಕಾದ ಓದುಗಯಂತ್ರವನ್ನು ತಾವೇ ಬರೆದುಕೊಳ್ಳಬಹುದು.

ಇಂದಿನ ಫೀಡ್‌ಗಳ ಕಥೆ 1999ರ ಮಾರ್ಚ್‌ನಲ್ಲಿ ಆರಂಭವಾಯಿತು. ನೆಟ್‌ಸ್ಕೇಪ್ ಕಂಪನಿ ತನ್ನ ‘ಮೈ ನೆಟ್‌ಸ್ಕೇಪ್’ ಮುಖಪುಟದಲ್ಲಿ ಬೇರೆ ಬೇರೆ ತಾಣಗಳ ಶೀರ್ಷಿಕೆಗಳನ್ನು ತೋರಿಸಬೇಕಿತ್ತು. ಅದಕ್ಕಾಗಿ ಆರ್‌ಎಸ್‌ಎಸ್ ಎಂಬ ಮಾದರಿಯನ್ನು ರೂಪಿಸಿದವರಲ್ಲಿ ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ ಒಬ್ಬರು, ಡ್ಯಾನ್ ಲಿಬ್ಬಿ ಇನ್ನೊಬ್ಬರು. ನೆಟ್‌ಸ್ಕೇಪ್ ಬೇಗನೆ ಆಸಕ್ತಿ ಕಳೆದುಕೊಂಡಿತು. ಆಮೇಲೆ ಕವಲುಗಳೊಡೆದವು. 2000ದ ಡಿಸೆಂಬರ್‌ನಲ್ಲಿ ಒಂದು ತಂಡ ಆರ್‌ಎಸ್‌ಎಸ್ 1.0 ಪ್ರಕಟಿಸಿತು, ಹದಿಹರೆಯದ ಆರನ್ ಸ್ವಾರ್ಟ್ಸ್ ಆ ತಂಡದಲ್ಲಿದ್ದರು. ಅದೇ ತಿಂಗಳು ಡೇವ್ ವೈನರ್ ಬೇರೆ ಹಾದಿ ಹಿಡಿದು 0.92 ತಂದರು, 2002ರಲ್ಲಿ ಅದನ್ನು 2.0ಕ್ಕೆ ಏರಿಸಿದರು. ಈ ಗೊಂದಲ ಬೇಡವೆಂದು ಮತ್ತೊಂದು ಗುಂಪು ಆಟಮ್ ಎಂಬ ಹೊಸ ಮಾದರಿ ಕಟ್ಟಿತು. 2005ರ ಡಿಸೆಂಬರ್‌ನಲ್ಲಿ ಅದು ಅಂತರ್ಜಾಲದ ಪ್ರಸ್ತಾವಿತ ಮಾನಕವಾಗಿ ಪ್ರಕಟವಾಯಿತು. ಗೊಂದಲ ನೀಗಿಸಲು ಬಂದ ಆಟಮ್‌ನಿಂದ ಮಾದರಿಗಳ ಸಂಖ್ಯೆ ಇನ್ನೊಂದು ಹೆಚ್ಚಿತು.

ಕಡತದ ಒಳಗೆ ಇರುವುದು ಬಹಳ ಸರಳ. ಆರ್‌ಎಸ್‌ಎಸ್ 2.0ರಲ್ಲಿ ಮೊದಲು ತಾಣದ ಹೆಸರು, ಕೊಂಡಿ, ವಿವರಣೆ ಇರುತ್ತವೆ. ಅದರ ಕೆಳಗೆ ಒಂದೊಂದು ಬರಹಕ್ಕೂ ಶೀರ್ಷಿಕೆ, ಕೊಂಡಿ, ಸಾರಾಂಶ, ಪ್ರಕಟಣೆಯ ದಿನಾಂಕ ಮತ್ತು ಒಂದು ಗುರುತು. ಧ್ವನಿ ಕಡತದ ವಿಳಾಸ, ಅಳತೆ ಮತ್ತು ಪ್ರಕಾರವನ್ನು ಹೇಳುವ ‘ಎನ್‌ಕ್ಲೋಷರ್’ ಇದ್ದರೆ ಅದೇ ಫೀಡ್ ಪಾಡ್‌ಕಾಸ್ಟ್ ಆಗುತ್ತದೆ.

ಇಷ್ಟು ಸರಳವಾದದ್ದನ್ನು ಓದುವುದು ಮಾತ್ರ ಸರಳವಾಗಿರಲಿಲ್ಲ. ಫೀಡ್ ಬರೆಯುವುದು ಎಕ್ಸ್‌ಎಂಎಲ್ ಎಂಬ ಗುರುತುಭಾಷೆಯಲ್ಲಿ. ಅದರ ನಿಯಮದ ಪ್ರಕಾರ ಕಡತದಲ್ಲಿ ಒಂದೇ ಒಂದು ವ್ಯಾಕರಣದೋಷವಿದ್ದರೂ ಓದುವ ಪ್ರೋಗ್ರಾಂ ಅಲ್ಲಿಗೇ ನಿಲ್ಲಬೇಕು. ಆದರೆ ಲೋಕದ ಫೀಡ್‌ಗಳಲ್ಲಿ ಅಂಥ ದೋಷಗಳು ಧಾರಾಳ. ಶೀರ್ಷಿಕೆಯಲ್ಲಿ ‘ಆಂಪರ್‌ಸ್ಯಾಂಡ್’ (&) ಚಿಹ್ನೆಯನ್ನು ಹಾಗೇ ಬರೆದರೆ ಸಾಕು, ಇಡೀ ಫೀಡ್ ಕೆಡುತ್ತದೆ. ದಿನಾಂಕದ ಪಾಡು ಇನ್ನೂ ವಿಚಿತ್ರ. ಆರ್‌ಎಸ್‌ಎಸ್ ಹಳೆಯ ಇಮೇಲ್ ಶೈಲಿಯಲ್ಲಿ ವಾರ, ದಿನ, ತಿಂಗಳ ಹೆಸರು, ವರ್ಷ ಎಂದು ಬರೆದರೆ, ಆಟಮ್ ವರ್ಷ, ತಿಂಗಳು, ದಿನ ಎಂದು ಅಂಕಿಗಳಲ್ಲೇ ಬರೆಯುತ್ತದೆ. ಎರಡನ್ನೂ ಪಾಲಿಸದ ತಾಣಗಳೂ ಉಂಟು.

ಇದಕ್ಕೆ ಉತ್ತರವಾಗಿ ಮಾರ್ಕ್ ಪಿಲ್‌ಗ್ರಿಮ್ 2002ರಲ್ಲಿ ಪೈಥಾನ್‌ನಲ್ಲಿ ಬರೆಯತೊಡಗಿದ ಲೈಬ್ರರಿಯೇ ‘ಫೀಡ್‌ಪಾರ್ಸರ್’. ಪೈಥಾನ್ ಕಲಿಸುವ ‘ಡೈವ್ ಇನ್‌ಟು ಪೈಥಾನ್’ ಪುಸ್ತಕದ ಲೇಖಕರೂ ಅವರೇ. ಫೀಡ್‌ನ ವಿಳಾಸವನ್ನು ಈ ಲೈಬ್ರರಿಯ ‘ಪಾರ್ಸ್’ ಎಂಬ ಫಂಕ್ಷನ್‌ಗೆ ಕೊಟ್ಟರೆ ಬರಹಗಳ ಪಟ್ಟಿ ಕೈಗೆ ಬರುತ್ತದೆ. ಮೂಲ ಆರ್‌ಎಸ್‌ಎಸ್ ಆಗಿರಲಿ ಆಟಮ್ ಆಗಿರಲಿ, ಪ್ರತಿ ಬರಹದ ಶೀರ್ಷಿಕೆ, ಕೊಂಡಿ, ದಿನಾಂಕ ಒಂದೇ ಹೆಸರಿನಲ್ಲಿ ಸಿಗುತ್ತವೆ. ಫೀಡ್ ಕೆಟ್ಟಿದ್ದರೆ ‘ಬೋಜೋ’ ಎಂಬ ಗುರುತನ್ನು ಏರಿಸಿ, ಉಳಿದದ್ದನ್ನು ಸಾಧ್ಯವಾದಷ್ಟು ಓದಿಕೊಡುತ್ತದೆ. ಬರಹದ ಒಳಗೆ ಅಡಗಿರಬಹುದಾದ ಅಪಾಯಕಾರಿ ಸ್ಕ್ರಿಪ್ಟ್‌ಗಳನ್ನು ಕಿತ್ತುಹಾಕುತ್ತದೆ. 2011ರಲ್ಲಿ ಪಿಲ್‌ಗ್ರಿಮ್ ತಮ್ಮ ತಾಣಗಳನ್ನೆಲ್ಲ ಅಳಿಸಿ ಅಂತರ್ಜಾಲದಿಂದ ದೂರ ಸರಿದರು. ಕೋಡ್ ಮುಕ್ತವಾಗಿದ್ದುದರಿಂದ ಲೈಬ್ರರಿ ಉಳಿಯಿತು. ಕರ್ಟ್ ಮೆಕೀ ಅದನ್ನು ಮುಂದುವರಿಸಿದರು.

ಓದುವಾಗ ಒಂದು ಶಿಷ್ಟಾಚಾರವೂ ಇದೆ. ನಿಮಿಷಕ್ಕೊಮ್ಮೆ ಇಡೀ ಕಡತವನ್ನು ಎಳೆದರೆ ಸಣ್ಣ ತಾಣಗಳ ಸರ್ವರ್ ಬಳಲುತ್ತದೆ. ಹಾಗಾಗಿ ಹಿಂದಿನ ಸಲ ಸರ್ವರ್ ಕೊಟ್ಟ ‘ಈಟ್ಯಾಗ್’ ಎಂಬ ಆವೃತ್ತಿಗುರುತು ಅಥವಾ ಕೊನೆಯ ಬದಲಾವಣೆಯ ಸಮಯವನ್ನು ಸ್ಕ್ರಿಪ್ಟ್ ನೆನಪಿಟ್ಟು ಮುಂದಿನ ಸಲ ಒಪ್ಪಿಸಬೇಕು. ಹೊಸತಿಲ್ಲದಿದ್ದರೆ ಸರ್ವರ್ 304 ಎಂಬ ಸಂಖ್ಯೆಯನ್ನಷ್ಟೇ ಹೇಳುತ್ತದೆ, ಕಡತ ಕಳಿಸುವುದಿಲ್ಲ. ಎರಡೂ ಕಡೆ ಖರ್ಚು ಉಳಿಯುತ್ತದೆ.

ಓದುವುದು ಮತ್ತು ಬರೆಯುವುದು ಎರಡೂ ಒಂದೇ ಕಡೆ ಕೂಡಿದ ಒಳ್ಳೆಯ ಉದಾಹರಣೆ ‘ಪ್ಲಾನೆಟ್’. ಜೆಫ್ ವಾ ಮತ್ತು ಸ್ಕಾಟ್ ಜೇಮ್ಸ್ ರೆಮ್ನಂಟ್ ಪೈಥಾನ್‌ನಲ್ಲಿ ಬರೆದ ಈ ತಂತ್ರಾಂಶ ಫೀಡ್‌ಪಾರ್ಸರ್ ಬಳಸಿ ಹತ್ತಾರು ಜನರ ಫೀಡ್‌ಗಳನ್ನು ಓದುತ್ತದೆ, ದಿನಾಂಕದಂತೆ ಜೋಡಿಸುತ್ತದೆ, ಒಂದು ವೆಬ್ ಪುಟವನ್ನೂ ಒಂದು ಹೊಸ ಫೀಡನ್ನೂ ಹೊರಹಾಕುತ್ತದೆ. ಗ್ನೋಮ್, ಡೆಬಿಯನ್ ಮುಂತಾದ ಮುಕ್ತ ತಂತ್ರಾಂಶ ಬಳಗಗಳು ಇದರಿಂದ ತಮ್ಮದೇ ಸಮುದಾಯಪತ್ರಿಕೆ ನಡೆಸಿದವು. ಅಲ್ಲಿ ಸಂಪಾದಕರ ಕೆಲಸವೆಂದರೆ ಫೀಡ್ ವಿಳಾಸಗಳ ಪಟ್ಟಿಯನ್ನು ನೋಡಿಕೊಳ್ಳುವುದು.

ಫೀಡ್ ತಯಾರಿಸುವಾಗ ಹೊಸಬರು ಅಕ್ಷರಗಳ ತುಂಡುಗಳನ್ನು ಒಂದಕ್ಕೊಂದು ಅಂಟಿಸಿ ಕಡತ ಕಟ್ಟಲು ಹೋಗುತ್ತಾರೆ. ಆಂಪರ್‌ಸ್ಯಾಂಡ್ ದೋಷ ಹುಟ್ಟುವುದೇ ಅಲ್ಲಿ. ಪೈಥಾನ್‌ನ ಜೊತೆಗೇ ಬರುವ ‘ಎಲಿಮೆಂಟ್‌ಟ್ರೀ’ ಅಥವಾ ಇದಕ್ಕೆಂದೇ ಇರುವ ‘ಫೀಡ್‌ಜೆನ್’ ಬಳಸಿದರೆ ಅಂಥ ಚಿಹ್ನೆಗಳನ್ನು ಲೈಬ್ರರಿಯೇ ಸರಿಯಾಗಿ ಬರೆಯುತ್ತದೆ. ಬರಹದ ಗುರುತನ್ನಂತೂ ಒಮ್ಮೆ ಕೊಟ್ಟ ಮೇಲೆ ಬದಲಿಸಲೇಬಾರದು. ಬದಲಿಸಿದರೆ ಹಳೆಯ ಬರಹಗಳೆಲ್ಲ ಹೊಸತೆಂದು ಓದುಗರ ಮುಂದೆ ಮತ್ತೆ ಬಂದು ಬೀಳುತ್ತವೆ.

ಕನ್ನಡದ ಫೀಡ್‌ಗೆ ಇನ್ನೆರಡು ಎಚ್ಚರಿಕೆ ಬೇಕು. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಹಿಡಿಯುತ್ತದೆ. ‘ಕ್ಷ’ ಎಂಬುದರಲ್ಲಿ ಕ, ಹಲಂತ ಚಿಹ್ನೆ (್), ಷ ಎಂಬ ಮೂರು ಸಂಕೇತಗಳಿರುವುದರಿಂದ ಒಟ್ಟು 9 ಬೈಟ್. ಸಾರಾಂಶವನ್ನು ಇಷ್ಟು ಬೈಟ್ ಎಂದು ಕತ್ತರಿಸಿದರೆ ಅಕ್ಷರ ನಡುವೆಯೇ ತುಂಡಾಗಿ ಫೀಡ್ ಕೆಡಬಹುದು. ಪದ ಮುಗಿಯುವ ಕಡೆ ಕತ್ತರಿಸುವುದೇ ಕ್ಷೇಮ. ಇನ್ನೊಂದು, ಕಣ್ಣಿಗೆ ಕಾಣದ ಸಂಕೇತ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ಒತ್ತಕ್ಷರವಾಗದಂತೆ ನಡುವೆ ಒಂದು ಅದೃಶ್ಯ ಸಂಕೇತ ಇರುತ್ತದೆ. ಪಠ್ಯ ಶುಚಿಗೊಳಿಸುವ ಉತ್ಸಾಹದಲ್ಲಿ ಸ್ಕ್ರಿಪ್ಟ್ ಅದನ್ನು ಅಳಿಸಿದರೆ ವರನಟನ ಹೆಸರು ‘ರಾಜ್ಕುಮಾರ್’ ಆಗುತ್ತದೆ.

2005ರಲ್ಲಿ ಬಂದಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿದಾಗ ಫೀಡ್‌ಗಳ ಕಾಲ ಮುಗಿಯಿತೆಂದು ಅನೇಕರು ಬರೆದರು. ಮುಗಿದದ್ದು ಒಂದು ಓದುಗಯಂತ್ರದ ಆಯುಷ್ಯ ಮಾತ್ರ. ವರ್ಡ್‌ಪ್ರೆಸ್ ತಾಣಗಳು ಇಂದಿಗೂ ತಾವಾಗಿಯೇ ಫೀಡ್ ಕೊಡುತ್ತವೆ. ಕನ್ನಡ ವಿಕಿಪೀಡಿಯದ ‘ಇತ್ತೀಚಿನ ಬದಲಾವಣೆಗಳು’ ಆಟಮ್ ರೂಪದಲ್ಲಿ ಸಿಗುತ್ತವೆ. ಫೀಡ್ ಓದುವವರಿಗೆ ಏನನ್ನು ಮೊದಲು ತೋರಿಸಬೇಕೆಂದು ಯಾವ ಅಲ್ಗಾರಿದಮ್ಮೂ ನಿರ್ಧರಿಸುವುದಿಲ್ಲ. ಆ ಸ್ವಾತಂತ್ರ್ಯ ದೊಡ್ಡದು, ಇಂದಿನ ಸಾಮಾಜಿಕ ಜಾಲತಾಣಗಳಲ್ಲಿ ಅಪರೂಪದ್ದು.

ಕನ್ನಡದಲ್ಲಿ ತಾಣ ನಡೆಸುವ ಪತ್ರಿಕೆಗಳು, ಪ್ರಕಾಶಕರು, ಸಂಘ ಸಂಸ್ಥೆಗಳು ತಮ್ಮ ಫೀಡ್ ಸರಿಯಾಗಿದೆಯೇ ಎಂದು ಒಮ್ಮೆ ಪರೀಕ್ಷಿಸಲಿ, ಇಲ್ಲದಿದ್ದರೆ ಒಂದನ್ನು ಸೇರಿಸಲಿ, ಅದರ ವಿಳಾಸವನ್ನು ಮುಖಪುಟದಲ್ಲಿ ಕಾಣುವಂತೆ ಇಡಲಿ. ಪೈಥಾನ್ ಕಲಿಯುತ್ತಿರುವ ವಿದ್ಯಾರ್ಥಿಗಳು ಕನ್ನಡ ವಿಕಿಪೀಡಿಯದ ಫೀಡನ್ನೇ ಮೊದಲ ಅಭ್ಯಾಸಕ್ಕೆ ತೆಗೆದುಕೊಳ್ಳಬಹುದು. ಪೈಥಾನ್ ಆಗಲಿ ಫೀಡ್‌ಪಾರ್ಸರ್ ಆಗಲಿ ಉಚಿತವಾಗಿಯೇ ಸಿಗುತ್ತವೆ.