ತಗಡಿನ ಮೇಲಿನ ಮುಖ: ವಿಲ್ ವಿಲ್ಸನ್ ಅವರ ಭಾವಚಿತ್ರಗಳು

ಅಮೆರಿಕದ ಮೂಲನಿವಾಸಿಗಳ ಛಾಯಾಚಿತ್ರಗಳೆಂದೊಡನೆ ವಿದ್ವಾಂಸರ ನೆನಪಿಗೆ ಬರುವ ಮೊದಲ ಹೆಸರು ಎಡ್ವರ್ಡ್ ಕರ್ಟಿಸ್ ಅವರದು. 1907ರಿಂದ 1930ರವರೆಗೆ 20 ಸಂಪುಟಗಳಲ್ಲಿ ಹೊರಬಂದ ಅವರ ‘ದಿ ನಾರ್ತ್ ಅಮೆರಿಕನ್ ಇಂಡಿಯನ್’ ಅಪಾರ ಪರಿಶ್ರಮದ ಫಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಜನಾಂಗಗಳು ಅಳಿದುಹೋಗುತ್ತಿವೆ ಎಂಬ ನಂಬಿಕೆಯೇ ಆ ಕೃತಿಯ ತಳಹದಿ. ಪೀಗನ್ ಬುಡಕಟ್ಟಿನ ಗುಡಾರವೊಂದರ ಒಳಗೆ ತೆಗೆದ ಪ್ರಸಿದ್ಧ ಚಿತ್ರದಲ್ಲಿ ಇಬ್ಬರು ಪುರುಷರ ನಡುವೆ ಗಡಿಯಾರವೊಂದಿತ್ತು. ಮುದ್ರಿತ ಚಿತ್ರದಲ್ಲಿ ಅದನ್ನು ಅಳಿಸಲಾಯಿತು. ಗಡಿಯಾರವುಳ್ಳವರು ಗತಕಾಲದವರಾಗಿ ತೋರುವುದಾದರೂ ಹೇಗೆ!

ನವಾಹೊ ಜನಾಂಗದ ಕಲಾವಿದ ವಿಲ್ ವಿಲ್ಸನ್ 2012ರಲ್ಲಿ ಸಾಂಟಾ ಫೆ ನಗರದಲ್ಲಿ ಆರಂಭಿಸಿದ ‘ಕ್ರಿಟಿಕಲ್ ಇಂಡಿಜೀನಸ್ ಫೋಟೋಗ್ರಾಫಿಕ್ ಎಕ್ಸ್‌ಚೇಂಜ್’ ಯೋಜನೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಅವರು ಆರಿಸಿಕೊಂಡದ್ದು ಕರ್ಟಿಸ್‌ಗಿಂತಲೂ ಹಳೆಯದಾದ ಟಿನ್‌ಟೈಪ್ ವಿಧಾನ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಆರ್ದ್ರ ಕೊಲೊಡಿಯನ್ ಕ್ರಮವೇ ಇದರ ಮೂಲ. ಕಪ್ಪು ಲೇಪವುಳ್ಳ ಲೋಹದ ತಗಡಿಗೆ ಕೊಲೊಡಿಯನ್ ದ್ರಾವಣವನ್ನು ಹರಡಿ, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕು. ಬೆಳಕಿಗೆ ಒಡ್ಡುವ ಅವಧಿ ಹಲವು ಸೆಕೆಂಡುಗಳಾಗುವುದುಂಟು. ಅಷ್ಟು ಹೊತ್ತೂ ಕುಳಿತವರು ಅಲುಗಾಡುವಂತಿಲ್ಲ. ಕ್ಷಣಿಕವಾದ ನಗೆಯನ್ನು ಹಿಡಿಯಲು ಈ ವಿಧಾನ ಒದಗದು. ಮುಖದಲ್ಲಿ ನೆಲೆನಿಂತ ಗಾಂಭೀರ್ಯವೇ ಅದಕ್ಕೆ ದಕ್ಕುವುದು.

ಮತ್ತೊಂದು ತೊಡಕು ರಸಾಯನದ್ದು. ಕೊಲೊಡಿಯನ್ ನೀಲಿ ಮತ್ತು ಅತಿನೇರಳೆ ಕಿರಣಗಳನ್ನಷ್ಟೇ ಚೆನ್ನಾಗಿ ಗ್ರಹಿಸುತ್ತದೆ. ಕೆಂಪು ಅದಕ್ಕೆ ಕಪ್ಪೇ. ಆದುದರಿಂದ ನೀಲಿ ಬಟ್ಟೆ ಬಿಳಿಚಿಕೊಳ್ಳುತ್ತದೆ, ಕಂದು ಚರ್ಮ ಇದ್ದುದಕ್ಕಿಂತ ಕಪ್ಪಾಗುತ್ತದೆ, ಸುಕ್ಕುಗಳು ಆಳವಾಗುತ್ತವೆ. ಇಂದಿನ ವ್ಯಕ್ತಿಯೂ ನೂರೈವತ್ತು ವರ್ಷ ಹಿಂದಿನವರಂತೆ ಕಾಣತೊಡಗುತ್ತಾರೆ. ಕರ್ಟಿಸ್ ಅವರ ಭ್ರಮೆಗೆ ಈ ವಿಧಾನವೇ ಮತ್ತೆ ಬಾಗಿಲು ತೆರೆಯುವ ಅಪಾಯ ಇಲ್ಲಿದೆ. ಯಾವ ಉಡುಪು, ಯಾವ ವಸ್ತು, ಯಾವ ಭಂಗಿ ಎಂಬ ಆಯ್ಕೆಯಲ್ಲಿ ಕುಳಿತವರಿಗೂ ಪಾಲಿರುವುದರಿಂದ ಆ ಅಪಾಯ ತಕ್ಕಮಟ್ಟಿಗೆ ತಗ್ಗುತ್ತದೆ; ಪೂರ್ತಿ ನೀಗುತ್ತದೆಂದು ಹೇಳಲಾಗದು.

ಯೋಜನೆಯ ನಿಜವಾದ ಸತ್ತ್ವವಿರುವುದು ತಗಡು ಯಾರ ಕೈ ಸೇರುತ್ತದೆ ಎಂಬಲ್ಲಿ. ಟಿನ್‌ಟೈಪಿಗೆ ನೆಗೆಟಿವ್ ಇಲ್ಲ. ಇರುವುದು ಒಂದೇ ಮೂಲಪ್ರತಿ. ವಿಲ್ಸನ್ ಅದನ್ನು ಕುಳಿತವರಿಗೇ ಕೊಟ್ಟು, ಅವರ ಒಪ್ಪಿಗೆಯಿಂದ ಪಡೆದ ಡಿಜಿಟಲ್ ಪ್ರತಿಯನ್ನು ಮಾತ್ರ ತಾವಿರಿಸಿಕೊಳ್ಳುತ್ತಾರೆ. ಪ್ರದರ್ಶನಗಳಿಗೆ ಹೋಗುವುದು ಆ ಪ್ರತಿಯೇ ಆದುದರಿಂದ ಕಲಾವಿದನ ಮೇಲುಗೈ ಇಲ್ಲವಾಯಿತೆನ್ನುವಂತಿಲ್ಲ. ಆದರೂ ಮೂಲವು ಮನೆಯಲ್ಲಿ, ನಕಲು ವಸ್ತುಸಂಗ್ರಹಾಲಯದಲ್ಲಿ ಎಂಬ ಈ ಅದಲುಬದಲು ಸಾಮಾನ್ಯವಾದುದಲ್ಲ.

ಇದರ ಮುಂದುವರಿಕೆಯಾದ ‘ಟಾಕಿಂಗ್ ಟಿನ್‌ಟೈಪ್ಸ್’ನಲ್ಲಿ ಕೆಲವು ಚಿತ್ರಗಳತ್ತ ಮೊಬೈಲ್ ಫೋನ್ ಹಿಡಿದರೆ ನಿಶ್ಚಲ ಮುಖವು ಚಲಿಸತೊಡಗಿ, ಚಿತ್ರದಲ್ಲಿರುವವರು ತಮ್ಮ ಮಾತನ್ನು ತಾವೇ ಆಡುತ್ತಾರೆ.